ಚರಗದ ಕೈ

ಎಳ್ಳ ಅಮಾವಾಸ್ಯೆಯ ಬುತ್ತಿ ಆಗಲೇ ಟ್ರ್ಯಾಕ್ಟರ್ ಏರಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಬಿಳಿಜೋಳ ತೆನೆ ಬಿಚ್ಚುವ ಹೊತ್ತು. ಬಸುರಿ ಹೊಲಕ್ಕೆ ಉಣಿಸದೆ ಮನುಷ್ಯರು ಉಣ್ಣುವಂತಿಲ್ಲ. ಎಲ್ಲ ಅಡುಗೆಯನ್ನೂ ಕಲಸಿ ಸಾಲುಸಾಲಿಗೆ ಚರಗ ಚೆಲ್ಲಬೇಕು.

ಪ್ರಭುರಾಜ ಟ್ರಾಲಿಯಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು ಕುಳಿತಿದ್ದ. ಪ್ಯಾಂಟು ಹೊಲಸಾಗಬಾರದು. ಎದುರಿಗೆ ಅತ್ತಿಗೆ ಕಳಕಮ್ಮ, ಸೆರಗಿನೊಳಗೆ ಬಲಗೈ.

ಪೋಸ್ಟರ್ ಅಂಟಿಸಿದ ಪಂಚಾಯಿತಿ ಗೋಡೆಯ ಮುಂದೆ ಅಣ್ಣ ಅಂದಪ್ಪ ಬೇಕೆಂದೇ ಟ್ರ್ಯಾಕ್ಟರ್ ನಿಲ್ಲಿಸಿದ.

"ನೋಡೋ ತಮ್ಮಾ, ನಮ್ಮ ಮನಿಯಾಕಿ ಸರ್ಕಾರದ ಗ್ವಾಡಿ ಏರ್ಯಾಳ."

ಪ್ರಭುರಾಜ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಎಡಕ್ಕೆ ಖಾಲಿ ತಟ್ಟೆ ಹಿಡಿದ ಸೈನಿಕ. ಬಲಕ್ಕೆ ಅನ್ನ ಚೆಲ್ಲುವ ಒಂದು ಕೈ, ಕೆಳಗೆ ಕಸದ ಡಬ್ಬಿ. ಕೆಂಪು ಅಕ್ಷರ: 'ಯುದ್ಧದ ಹೊತ್ತಿನಲ್ಲಿ ಚೆಲ್ಲುವ ಕೈ ಶತ್ರುವಿನ ಕೈ.' ಆ ಕೈಯ ಮಣಿಕಟ್ಟಿನಲ್ಲಿ ಹಸಿರು ಹಚ್ಚೆಯ ಚೇಳು. ಅದಕ್ಕೆ ಮುಂದಿನ ಇಕ್ಕಳಗೈ ಒಂದೇ. ಹುಡುಗಿಯಾಗಿದ್ದಾಗ ಕಳಕಮ್ಮ ಅತ್ತು ಎದ್ದು ಓಡಿದ್ದರಿಂದ ಹಚ್ಚೆಯವಳಿಗೆ ಇನ್ನೊಂದನ್ನು ಬರೆಯಲಾಗಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಚೇಳು.

ಗಡಿಯಲ್ಲಿ ಯುದ್ಧ ಶುರುವಾದ ಮೇಲೆ ಗಂಗಾವತಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಪ್ರಭುರಾಜನಿಗೆ ಸರ್ಕಾರದವರು ಪೋಸ್ಟರ್ ಮಾಡಿಕೊಡಲು ಹೇಳಿದ್ದರು. ಹೋದ ವರ್ಷ ಇದೇ ಹಬ್ಬದಲ್ಲಿ ಅತ್ತಿಗೆ ಚರಗ ಚೆಲ್ಲುವಾಗ ತೆಗೆದ ಫೋಟೊ ಅವನ ಫೋನಿನಲ್ಲಿತ್ತು. ಜೋಳ ಅಳಿಸಿದ. ಆಕಾಶ ಅಳಿಸಿದ. ಡಬ್ಬಿ ಇಟ್ಟ. ಚೇಳು ಕಂಡಿತ್ತು, ಅಳಿಸಬಹುದಿತ್ತು. ಚಿತ್ರಕ್ಕೆ ಒಂದು ನಿಜತನ ಬರುತ್ತದೆಂದು ಬಿಟ್ಟಿದ್ದ. ಮೆಚ್ಚಿ ಶಾಲು ಹೊದಿಸಿದ್ದರು. ಪೋಸ್ಟರಿನಲ್ಲಿ ಅವನ ಹೆಸರಿರಲಿಲ್ಲ. ಅದು ಈಗ ಅನುಕೂಲವೇ ಆಗಿತ್ತು.

ಟ್ರ್ಯಾಕ್ಟರ್ ಮತ್ತೆ ಹೊರಟಿತು.

"ಆ ಫೋಟೊ ಅವರಿಗೆ ಹೆಂಗ ಸಿಕ್ಕಿತು, ಪ್ರಭು?" ಕಳಕಮ್ಮ ಕೇಳಿದಳು.

"ಫೋನಿನಾಗಿಂದ ಎಲ್ಲಾ ಹೋಗ್ತಾವ್ರಿ ವೈನಿ. ಹೇಳಾಕ ಬರಂಗಿಲ್ಲ."

"ಬಾಲಪ್ಪ ಗಿರಣ್ಯಾಗ ಮಂದಿ ಮುಂದ ಅಂದನಂತ, ಆ ಕೈಲೆ ನೀಡಿದ್ದು ಉಣ್ಣಂಗಿಲ್ಲ ಅಂತ. ಅವನ ಮಗ ವಿರುಪಾಕ್ಷಿ ಗಡಿಮ್ಯಾಗ ಅದಾನ. ಅವನ ಸಿಟ್ಟು ಅವಂಗ. ನೀ ಒಂದು ಮಾತು ಹೇಳು, ಇದು ಚರಗದ ಫೋಟೊ ಅಂತ. ಕಲ್ತಾವ ನೀನು. ನಿನ್ನ ಮಾತು ಕೇಳ್ತಾನ."

"ನೋಡೂಣ್ರಿ."

ಈ 'ನೋಡೋಣ' ಅವನಿಗೆ ಕಾಲೇಜಿನಲ್ಲಿ ಎಷ್ಟೋ ಸಲ ಒದಗಿ ಬಂದಿತ್ತು. ಓದುವಾಗ ಕುಷ್ಟಗಿಯ ಹಾಸ್ಟೆಲಿನಲ್ಲಿದ್ದಾಗ ಅತ್ತಿಗೆಯ ಇದೇ ಕೈ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಬಸ್ಸಿನ ಡ್ರೈವರನ ಪಕ್ಕ ಇಟ್ಟು ಕಳಿಸುತ್ತಿತ್ತು. ಅವನು ಮೃದುವಾದವನ್ನು ಆರಿಸಿ ತಿಂದು ಉಳಿದವನ್ನು ಹಾಸ್ಟೆಲಿನ ಹಿಂದೆ ಎಸೆಯುತ್ತಿದ್ದ.

ಹೊಲದಲ್ಲಿ ಕಂಬಳಿ ಹಾಸಿದರು. ಪ್ರತಿ ವರ್ಷ ಮೊದಲ ತಟ್ಟೆ ಪಕ್ಕದ ಹೊಲದ ಬಾಲಪ್ಪನದು. ಇವತ್ತು ಅವನು ಬದುವಿನ ಮೇಲೆ ನಿಂತಿದ್ದ, ಕೈಯಲ್ಲಿ ಫೋನು. ಹಿಂದೆ ನಾಲ್ಕಾರು ಜನ.

"ಬರ್ರಿ ಬಾಲಪ್ಪಣ್ಣ," ಅಂದಪ್ಪ ಕರೆದ.

"ಊಟಕ್ಕ ಬಂದಿಲ್ಲಪಾ. ನನ್ನ ಮಗ ಅಲ್ಲಿ ಉಪವಾಸ ಬಿದ್ದಾಗ ಇಲ್ಲಿ ಹೆಂಗ ಚೆಲ್ತೀರಿ, ಅದನ್ನ ನೋಡಾಕ ಬಂದೀನಿ. ಅವಂಗ ಕಳಸ್ತೀನಿ, ನೋಡಲಿ."

"ನೀವೂ ಚೆಲ್ಲೀರಿ ಹೋದ ವರ್ಷ," ಅಂದಪ್ಪ ಅಂದ.

"ಹೋದ ವರ್ಷ ಯುದ್ಧ ಇರಲಿಲ್ಲ." ಬಾಲಪ್ಪ ಪ್ರಭುರಾಜನ ಕಡೆ ತಿರುಗಿದ. "ಏನ್ರಿ ಮಾಸ್ತರ? ಗ್ವಾಡಿಮ್ಯಾಗ ಬರದದ್ದು ಸುಳ್ಳೇನು? ಸುಳ್ಳಂದ್ರ ಹೇಳ್ರಿ, ಈಗ ಬಂದು ಉಣ್ತೀನಿ."

ಒಂದೇ ಮಾತು ಸಾಕಿತ್ತು. ಕಳಕಮ್ಮ ಕಲಸಿದ ಬುಟ್ಟಿಯನ್ನು ಸೊಂಟಕ್ಕಿಟ್ಟು ನಿಂತಿದ್ದಳು. ಅಂದಪ್ಪ ಹಿಂದೆ ನೀರಿನ ತಂಬಿಗೆ ಹಿಡಿದಿದ್ದ. ಅವಳು 'ಹುಲ್ಲುಲ್ಲಿಗೋ' ಎಂದು ಚೆಲ್ಲಿದರೆ ಅವನು 'ಚಳ್ಳಂಬ್ರಿಗೋ' ಎಂದು ನೀರು ಚಿಮುಕಿಸಬೇಕು. ಪ್ರಭುರಾಜ ಫೋನಿನ ಕಣ್ಣು ನೋಡಿದ. ವಿಡಿಯೋ ಗಂಗಾವತಿಯವರೆಗೂ ಬರುತ್ತದೆ. ಪ್ರಿನ್ಸಿಪಾಲರೂ ನೋಡುತ್ತಾರೆ.

"ಸುಳ್ಳು ಅಂತಲ್ಲ," ಎಂದ. "ಈಗ ಕಾಲ ಹಂಗೈತಿ. ಈ ವರ್ಷ ಚೆಲ್ಲೂದು ಬ್ಯಾಡ ಬಿಡ್ರಿ ವೈನಿ."

ಜೋಳದ ಗರಿಗಳು ಒಂದಕ್ಕೊಂದು ಉಜ್ಜಿದವು. ಬುಟ್ಟಿ ಬರುವುದನ್ನೇ ಕಾಯುತ್ತಿದ್ದ ಗೊರವಂಕಗಳು ಸಾಲಿನಿಂದ ಸಾಲಿಗೆ ಹಾರಿ ಕುಳಿತವು.

ಕಳಕಮ್ಮ ಅವನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂಥದ್ದು.

"ಆ ಡಬ್ಬಿ ನೀನ ಇಟ್ಟೀ ಏನು?"

ಅವನು ಚಪ್ಪಲಿಗೆ ಹತ್ತಿದ ಮಣ್ಣು ಒರೆಸಿದ.

"ಕುಂದ್ರು ಹಂಗಾರ," ಎಂದಳು. ಅವನ ಮುಂದೆ ಪರಾತ ಇಟ್ಟು ಬುಟ್ಟಿಯನ್ನು ಬೋರಲು ಹಾಕಿದಳು. ಹೊಲದ ಪಾಲಿನ ಅಷ್ಟೂ ಅನ್ನ, ರೊಟ್ಟಿ, ಪಲ್ಯ ಒಂದೇ ಗುಡ್ಡೆಯಾಗಿ ಬಿತ್ತು. "ಚೆಲ್ಲಬಾರದು ಅಂದೀ. ಉಣ್ಣು."

ಯಾರೂ ನಗಲಿಲ್ಲ. ಅಂದಪ್ಪ ತಂಬಿಗೆಯ ನೀರನ್ನು ತಾನೇ ಕುಡಿದ. ಬಾಲಪ್ಪ ಫೋನು ಇಳಿಸಲಿಲ್ಲ.

ಪ್ರಭುರಾಜ ಉಂಡ. ನಂತರ ನುಂಗಿದ. ಗುಡ್ಡೆ ಕರಗಲಿಲ್ಲ. ಅತ್ತಿಗೆ ಎದುರಿಗೆ ಕುಳಿತಿದ್ದಳು, ಬಲಗೈ ಈಗ ಸೆರಗಿನ ಹೊರಗೆ, ತೊಡೆಯ ಮೇಲೆ ಬಿಚ್ಚಿ ಇಟ್ಟಿತ್ತು. ಒಂದೇ ಇಕ್ಕಳಗೈಯ ಚೇಳು ಬಿಸಿಲಿಗೆ ಮೈಯೊಡ್ಡಿತ್ತು.

ಒಂದು ತುತ್ತು ಬೆರಳಿನಿಂದ ಜಾರಿತು. ಕಂಬಳಿಯ ಅಂಚು ದಾಟಿ ಎರೆನೆಲದ ಬಿರುಕಿಗೆ ಬಿತ್ತು.

ಎಲ್ಲರೂ ನೋಡಿದರು. ಅವನು ಬಾಗಿ ಬೆರಳು ಹಾಕಿದ. ಅಂಗೈ ಹೋಯಿತು. ಮಣಿಕಟ್ಟು ಹೋಯಿತು. ಒಳಗೆ ತಂಪಿತ್ತು, ತಳ ಸಿಗಲಿಲ್ಲ. ಬಾಲಪ್ಪ ಬದು ಇಳಿದು ಫೋನನ್ನು ಹತ್ತಿರ ತಂದ. ಪ್ರಭುರಾಜ ಕೈ ಹಿಂದಕ್ಕೆ ಎಳೆದ; ಗಡಿಯಾರದ ಪಟ್ಟಿ ಮಣ್ಣಿಗೆ ಸಿಕ್ಕಿಕೊಂಡಿತ್ತು. ನೆಲ ಬಿಡಲಿಲ್ಲ.