ಕೊನೆಯ ಹೋಳಿನ ನೀರು

ಪ್ರಸಾದ ಸತ್ತ ಮೇಲೆ ನಾನು ತೋರಿಸಿದ ಗ್ರಾಫುಗಳೆಲ್ಲ ಚೆನ್ನಾಗಿಯೇ ಇರತೊಡಗಿದವು. ಗೋಕುಲ ರಸ್ತೆಯಲ್ಲಿ ಲಾರಿಯೊಂದು ನನ್ನ ಗಂಡನನ್ನು ಕೆಡವಿತ್ತು. ಅದರಿಂದ ನನ್ನ ಭೌತಶಾಸ್ತ್ರ ಸುಧಾರಿಸಲು ಕಾರಣವೇನೂ ಇರಲಿಲ್ಲ.

ಮೊದಲಾದರೆ, ಪಿಎಚ್‌ಡಿ ಗೈಡ್ ಐಸಾಕ ಸರ್ ಯಾವ ಗ್ರಾಫ್ ಕಂಡರೂ ಕೇಳುತ್ತಿದ್ದುದು ಒಂದೇ: "ಕೂಡ್ಸಿ ನೋಡೀ ಏನ?"

ಕಂಪ್ಯೂಟರಿನೊಳಗಿನ ಡಬ್ಬಿಯೊಂದರಲ್ಲಿ, ಎರಡು ಕಲ್ಲುಗಳ ನಡುವೆ ನೀರಿನ ಪರಮಾಣುಗಳನ್ನು ಬಿಸಿ ಮಾಡಿ ಕುಣಿಸುವುದು ನಮ್ಮ ಕೆಲಸ. ಆಮೇಲೆ ಆ ಡಬ್ಬಿಯನ್ನು ಬ್ರೆಡ್ಡಿನಂತೆ ಹೋಳು ಮಾಡಿ, ಯಾವ ಹೋಳಿನಲ್ಲಿ ಎಷ್ಟು ಪರಮಾಣು ಎಂದು ಎಣಿಸುತ್ತೇವೆ. ಎಲ್ಲವನ್ನೂ ಕೂಡಿಸಿದರೆ ಮೊದಲು ಹಾಕಿದಷ್ಟೇ ಬರಬೇಕು. ಬರದಿದ್ದವರ ಮಾನ ಕಾರಿಡಾರಿನ ತುದಿಯವರೆಗೂ ಹರಾಜಾಗುತ್ತಿತ್ತು.

ಈ ಸಲ ನನ್ನ ಗ್ರಾಫಿನಲ್ಲಿ ಕಲ್ಲಿನ ಪಕ್ಕದ ಕೊನೆಯ ಹೋಳು ಬಹುತೇಕ ಖಾಲಿ. ನೀರಿನೊಳಗಿದ್ದ ಕಲ್ಲು ಒಣಗಿತ್ತು. ಸರ್ ಕನ್ನಡಕ ಏರಿಸಿದರು. ನಾನು ಕಾದೆ.

"ಭಾಳ ಛಲೋ ಆಗೇತ್ರಿ ನಾಗರತ್ನಾ. ಹೊಸಾದು ಐತಿದು. ಸೋಮವಾರ ಸೆಮಿನಾರದಾಗ ಹೇಳ್ರಿ, ಆಮ್ಯಾಲೆ ಪೇಪರ್ ಕಳಸೂಣು. ಊಟಾ ಸರಿಯಾಗಿ ಮಾಡಾಕತ್ತೀರಿಲ್ಲೋ?"

ಮಧ್ಯಾಹ್ನ ವಿಭಾಗಕ್ಕೆಲ್ಲ ಪೇಡೆ ಹಂಚಿಸಿದರು. ಪಕ್ಕದ ಕಂಪ್ಯೂಟರಿನ ಚಿನ್ಮಯೀ ಬಾಯಿ ತುಂಬಿಕೊಂಡೇ ಕೇಳಿದಳು.

"ಅಕ್ಕಾರ, ನೀರಾಗಿನ ಕಲ್ಲು ಒಣಗತೈತಿ ಅಂದ್ರ ಹೆಂಗ್ರಿ?"

"ಸರ್ ಒಪ್ಯಾರ."

"ಆಕಳಿಗೆ ನಾಕ ಕೋಡು ಅಂತ ನೀವು ಹೇಳಿದ್ರೂ ಈಗ ಒಪ್ತಾರ್ರಿ ಅವರು. ನಾನೂ ಒಪ್ಪೇನಿ, ಪೇಡೆ ತಿಂದೇನಲ್ಲ."

ಕೂಡಿಸಿ ನೋಡಿದೆ. ಪರಮಾಣುಗಳು ಕಡಿಮೆ ಬಿದ್ದವು. ಬಿಸಿಗೆ ಡಬ್ಬಿ ಉಬ್ಬಿತ್ತು, ನನ್ನ ಹೋಳುಗಳು ಹಳೆಯ ಅಳತೆಯಲ್ಲೇ ಇದ್ದವು. ಕಲ್ಲಿಗೆ ಅಂಟಿದ್ದ ನೀರು ಕೊನೆಯ ಹೋಳಿನಾಚೆ ಸರಿದಿತ್ತು. ಹಾಗೆ ಆಚೆ ಸಿಕ್ಕಿದ್ದನ್ನು ಕೊನೆಯ ಹೋಳಿಗೆ ಸೇರಿಸಲೋ, ಬಿಸಾಡಲೋ ಎಂದು ಸಾಫ್ಟ್‌ವೇರಿಗೆ ಮೊದಲೇ ಹೇಳಬೇಕು. ಬಿಸಾಡು ಎಂದು ಬರೆದಿದ್ದೆ. ಆ ವಾರ ಪ್ರಸಾದನ ಬೂಟುಗಳನ್ನೂ ಬಿಸಾಡಿದ್ದೆ.

ಸರ್‌ಗೆ ಹೇಳಿದೆ. ಅವರ ಮುಖ ಕೆಂಪಗಾಯಿತು. ಆಮೇಲೆ ನನ್ನನ್ನು ನೋಡಿ ತಣ್ಣಗಾದರು.

"ಇರ್ಲಿ ಬಿಡ್ರಿ. ನಿಮ್ಮ ಪರಿಸ್ಥಿತ್ಯಾಗ ಆಗ್ತಾವ ಇಂಥಾವು."

"ಚಿನ್ಮಯೀ ಇದನ್ನ ತಂದಿದ್ರ ಏನಂತಿದ್ರಿ ಸರ್?"

"ಆಕೀಗೇನು, ಅಗಸರ ಕತ್ತಿ ಅಂತಿದ್ದೆ."

"ಹಂಗಾರ ನನಗೂ ಅನ್ರಿ. ಗಂಡ ಸತ್ತಾನಂತ ತಪ್ಪು ಲೆಕ್ಕಕ್ಕ ಪಾಸ್ ಮಾಡಬ್ಯಾಡ್ರಿ. ಇನ್ನ ಮ್ಯಾಲೆ ನನ್ನ ಯಾವ ಗ್ರಾಫ್ ಖರೇ ಅಂತ ನಂಬ್ಲಿ ನಾ?"

ಸರ್ ಕಿಟಕಿಯತ್ತ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕತ್ತೀ! ಕೂಡ್ಸಿ ನೋಡಾಕ ಏನ್ ಧಾಡಿ ಆಗಿತ್ತು ನಿನಗ? ಇಡೀ ಡಿಪಾರ್ಟ್‌ಮೆಂಟಿಗೆ ಪೇಡೆ ತಿನ್ಸೇನಿ, ಈಗೇನ್ ಎಲ್ಲಾರಿಗೂ ವಾಂತಿ ಮಾಡ್ಸಲೇನು?"

ಕಾರಿಡಾರಿನ ತುದಿಯಲ್ಲಿ ಯಾರೋ ಬಾಗಿಲು ತೆರೆದರು.

ಹೋಳುಗಳನ್ನು ಉಬ್ಬಿದ ಡಬ್ಬಿಯ ಅಂಚಿನವರೆಗೂ ಬೆಳೆಸಿ ಮತ್ತೆ ಎಣಿಸಿದೆ. ಕಲ್ಲಿನ ಪಕ್ಕ ನೀರೇ ನೀರು. ಹೊಸದೇನೂ ಇರಲಿಲ್ಲ. ಸಂಜೆ ತೋರಿಸಲು ಹೋದೆ. ಸರ್ ತಲೆ ಎತ್ತಲಿಲ್ಲ.

"ಕೂಡ್ಸಿ ನೋಡೀ ಏನ?"

"ನೋಡೇನ್ರಿ."

"ಇನ್ನೊಮ್ಮೆ ನೋಡು, ಹೋಗು."

ಹೋದೆ.