ಇಲ್ಲ ಸರ್

ನಮ್ಮ ಯಜಮಾನರಿಗೆ ಡಾಕ್ಟರು ಡಾಕ್ಟರಲ್ಲ, ಮೇಲಧಿಕಾರಿ. ಮಾಜಿ ಸೈನಿಕರ ಆಸ್ಪತ್ರೆಯ ಆ ಕೋಣೆಗೆ ಕಾಲಿಟ್ಟರೆ ಸಾಕು, ಮುರಿದ ಬೆನ್ನೂ ಕಂಬದಂತೆ ನೆಟ್ಟಗಾಗುತ್ತದೆ. ಮನೆಯಲ್ಲಿ ಇವರಿಗೆ ಚಪ್ಪಲಿ ಹಾಕಲೂ ನಾನೇ ಬಗ್ಗಬೇಕು. ಇಲ್ಲಿ ಮಾತ್ರ ಎದೆಯುಬ್ಬಿಸಿ ನಿಂತೇ ಇರುತ್ತಾರೆ. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಹೋದಾಗಲೂ ಹಾಗೇ. ಮರುದಿನ ಬೆಳಿಗ್ಗೆ ಬೆನ್ನಿನ ಆಪರೇಷನ್ ಇತ್ತು. ಡಾಕ್ಟರು ಫಾರಂನಿಂದ ತಲೆಯೆತ್ತದೆ ಕೇಳಿದರು: "ನಮ್ಮ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತೀರಾ? ಕಷಾಯ, ಪುಡಿ, ನಾಟಿ ಔಷಧಿ?"

"ಇಲ್ಲ ಸರ್!"

ತಲೆ ಮೇಲೆ ಹೊಡೆದ ಹಾಗೆ ಸುಳ್ಳು! ಆರು ತಿಂಗಳಿಂದ ದಿನಕ್ಕೆರಡು ಹೊತ್ತು ನಾಟಿ ವೈದ್ಯನ ಪುಡಿ ನುಂಗುತ್ತಿದ್ದಾರೆ. ಆ ವೈದ್ಯನೂ ಇವರ ಹಳೇ ತುಕಡಿಯವನೇ, ಅಡ್ಡಹೆಸರು ಬೇರಣ್ಣ. ಪುಡಿಯಿಂದ ನಿದ್ದೆ ಬಂತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಇತ್ತೀಚೆಗೆ ಹಲ್ಲುಜ್ಜಿದರೆ ಬಾಯಿತುಂಬ ರಕ್ತ. ಡಾಕ್ಟರಿಗೆ ಹೇಳಿ ಅಂದರೆ, "ಕೇಳಿದ್ದಕ್ಕಷ್ಟೇ ಉತ್ತರ ಕೊಡ್ಬೇಕು ಕಣೇ" ಅನ್ನುತ್ತಿದ್ದರು. ಈಗ ಕೇಳಿದರಲ್ಲ, ಬಾಯಿಗೇನು ಬೀಗ ಬಿದ್ದಿತ್ತಾ?

ಕೈಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಕುಕ್ಕಿದೆ. "ಇದನ್ನ ತಗೋತಾರೆ. ಇವತ್ತು ಬೆಳಿಗ್ಗೆನೂ ತಗೊಂಡಿದಾರೆ. ಒಸಡಲ್ಲಿ ರಕ್ತ ಬರ್ತಿದೆ."

ಯಜಮಾನರ ಮುಖ ಕೆಂಪೇರಿತು. "ಮಾನ ತೆಗೆದೆಯಲ್ಲೇ!"

"ನಾಳೆ ರಕ್ತ ನಿಲ್ಲದೆ ಸತ್ರೆ ಮಾನ ಉಳಿಯುತ್ತಾ?" ನನ್ನ ಗಂಟಲಿಗೆ ಹೊರಗೆ ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಇಣುಕಲಿ, ಅವರ ಜೇಬಿನಲ್ಲೂ ಬೇರಣ್ಣನ ಇಂಥದೇ ಪೊಟ್ಟಣಗಳಿರುವುದು ನನಗೆ ಗೊತ್ತಿಲ್ಲವೇ?

ಡಾಕ್ಟರು ಪೊಟ್ಟಣ ಮೂಸಿ, ಫಾರಂ ಮೇಲೆ ಅಡ್ಡಗೆರೆ ಎಳೆದರು. "ಆಪರೇಷನ್ ಮುಂದಕ್ಕೆ. ಮೊದಲು ರಕ್ತ ಪರೀಕ್ಷೆ ಆಗ್ಲಿ. ಪುಡಿ ಇವತ್ತಿಂದಲೇ ಬಂದ್." ಆಮೇಲೆ ನನ್ನ ಕಡೆ ತಿರುಗಿದರು. "ನೋವು ಎಷ್ಟಿದೆಯಂತೆ ಇವರಿಗೆ?"

"ನನ್ನ ಕೇಳ್ಬೇಡಿ. ಅವರನ್ನ ಕೂರಿಸಿ, ಮುಖ ನೋಡಿ ಕೇಳಿ. ಹೀಗೆ ನಿಲ್ಲಿಸಿ ಕೇಳಿದ್ರೆ ಸಾಯೋವರೆಗೂ 'ಇಲ್ಲ ಸರ್' ಅಂತಾನೇ ಇರ್ತಾರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎದ್ದು ಬಂದು ತಾವೇ ಕುರ್ಚಿ ಎಳೆದುಕೊಟ್ಟರು. ಯಜಮಾನರು ಮೇಜು ಹಿಡಿದು, ಎರಡು ಸಲ ತಡವರಿಸಿ, ಕೊನೆಗೂ ಕೂತರು.

"ತುಂಬಾ ನೋವು," ಅಂದರು. "ತಡ್ಕೊಳ್ಳೋಕೆ ಆಗ್ತಿಲ್ಲ."

ಕಣ್ಣೊರೆಸಿಕೊಂಡೆ. ಆದರೆ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ ನನಗೆ ಆ ಮಾತನ್ನು ಒಂದು ದಿನವೂ ಹೇಳಿರಲಿಲ್ಲ ಈ ಮನುಷ್ಯ.