ಸೆರಗಿನ ಬೆಲ್ಲ

"ಹಣ್ಣು ಹುಳಿಯಾಗಬಾರ್ದು ಅಂತ ಮನುಷ್ಯರು ಹೊಟ್ಟೆ ಕಟ್ಕೊಂಡಿರ್ಬೇಕಾ?"

ಕೃಷ್ಣಮ್ಮ ಯಾರನ್ನೂ ಕೇಳಲಿಲ್ಲ. ಎದುರಿಗಿದ್ದ ಕಾಫಿಹಣ್ಣಿನ ರಾಶಿಯನ್ನು ಕೇಳಿದಳು. ಹಿಂದಿನ ದಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ಕೆಟ್ಟು ಉಳಿದ ಹಣ್ಣು. ರಾತ್ರಿ ಕಳೆಯುವಷ್ಟರಲ್ಲಿ ನೊರೆ ಬಿಟ್ಟು ಹೆಂಡದ ಹಾಗೆ ನಾರುತ್ತಿತ್ತು. ಆ ನಾತ ಎಲ್ಲರ ಬಟ್ಟೆಗೂ ಉಸಿರಿಗೂ ಹತ್ತಿತ್ತು. ಕೊಯ್ದ ಹಣ್ಣಿನ ಸಿಪ್ಪೆ ಅವತ್ತೇ ಸುಲಿಯಬೇಕು, ಇಲ್ಲದಿದ್ದರೆ ಬೀಜ ಕೆಡುತ್ತದೆ. ಅದಕ್ಕೇ ತೋಟದ ಆಳುಗಳ ಮೇಲ್ವಿಚಾರಣೆಯ ರೈಟರ್ ಮಲ್ಲಿಕಾರ್ಜುನಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: ರಾಶಿ ಮುಗಿಯುವ ತನಕ ಯಾರಿಗೂ ಊಟವಿಲ್ಲ.

ಎರಡೂವರೆ ಆಗಿತ್ತು. ಆಕೆಯ ಗಂಡ ಚಿಕ್ಕಯ್ಯ ಪಲ್ಪರಿನ ಬಾಯಿಗೆ ಹಣ್ಣು ಸುರಿಯುತ್ತಿದ್ದ. ಸಕ್ಕರೆ ಕಾಯಿಲೆಯವನು. ಬೆಳಿಗ್ಗೆ ಮಾತ್ರೆ ನುಂಗಿ ಒಂದು ರೊಟ್ಟಿ ತಿಂದು ಬಂದವನು. ಮಾತ್ರೆ ಕೊಟ್ಟ ದಿನ ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು: "ಮಾತ್ರೆ ತಗೊಂಡು ಊಟ ತಪ್ಪಿಸಿದ್ರೆ ಸಕ್ಕರೆ ಇಳೀತದೆ. ಬೆವರ್ತದೆ, ಕೈ ನಡುಗ್ತದೆ, ಮಾತು ತೊದಲ್ತದೆ. ಆಗ ಹಿಂದೆಮುಂದೆ ನೋಡ್ಬೇಡ, ಬೆಲ್ಲನೋ ಸಕ್ಕರೆನೋ ಬಾಯಿಗೆ ಹಾಕು. ಕಾಲು ಗಂಟೆ ಕೂರ್ಸು, ಆಮೇಲೆ ಊಟ ಕೊಡು. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ದೆ ಇಲ್ಲಿಗೆ ಕರ್ಕೊಂಡು ಬಾ."

ಸೋಬಾನೆ ಪದ ಕಲಿತ ಹಾಗೆ ಕೃಷ್ಣಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಚಿಕ್ಕಯ್ಯನ ಅಂಗಿ ತೊಯ್ದು ಬೆನ್ನಿಗಂಟಿತ್ತು. ಬುಟ್ಟಿ ನಡುಗಿತು. ಹಣ್ಣು ಅರ್ಧ ಪಲ್ಪರಿಗೆ, ಅರ್ಧ ನೆಲಕ್ಕೆ.

"ಎಂತ ಮಾರಾಯ, ಹಗಲೇ ಏರಿಸ್ಕೊಂಡು ಬಂದಿದೀಯಾ?" ಜೊತೆಯಾಳು ಗುರುವಯ್ಯ ನಕ್ಕ.

"ನಾ... ಅಲ್ಲ... ನಾ..." ಚಿಕ್ಕಯ್ಯನ ನಾಲಿಗೆ ಹೊರಳಲಿಲ್ಲ.

ಕೃಷ್ಣಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲ ಹಿಡಿದು ಓಡಿದಳು. ರೈಟರ್ ಅಡ್ಡ ಬಂದ. ಸಂತೆಯಲ್ಲಿ ದನದ ಹಲ್ಲು ನೋಡುವವನಂತೆ ಚಿಕ್ಕಯ್ಯನ ದವಡೆ ಹಿಡಿದು ಬಾಯಿ ತೆರೆಸಿ ಮೂಸಿದ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಕರ್ಚೀಫಿಗೆ ಒರೆಸಿಕೊಂಡ.

"ಕುಡಿದಿದಾನೆ. ವಾಸನೆ ಇದೆ."

"ಅದು ಹಣ್ಣಿನ ನಾತ, ರೈಟ್ರೇ! ನಿಮ್ಮ ಮೈಯಲ್ಲೂ ಇದೆ. ಅವ್ರಿಗೆ ಸಕ್ಕರೆ ಇಳಿದಿದೆ, ಬೆಲ್ಲ ಕೊಡ್ಬೇಕು, ಬಿಡಿ!"

"ಸಕ್ಕರೆ ಕಾಯಿಲೆಯೋನಿಗೆ ಬೆಲ್ಲವಾ? ಗಂಡನ್ನ ಕೊಂದು ನನ್ನ ತಲೆಗೆ ಕಟ್ತೀಯಾ?" ಬೆಲ್ಲ ಕಿತ್ತು ಸಿಪ್ಪೆಯ ಹೊಂಡಕ್ಕೆಸೆದ. "ಮೆಷಿನ್ ನಿಲ್ಲಬಾರ್ದು. ಸುರಿಯೋ ನೀನು!"

ಸುರಿಯಲು ಬಾಗಿದ ಚಿಕ್ಕಯ್ಯ ಪಕ್ಕಕ್ಕೆ ವಾಲಿದ. ತಿರುಗುತ್ತಿದ್ದ ಬೆಲ್ಟು ಅವನ ಎಡಗೈಯನ್ನು ಎಳೆದುಕೊಂಡಿತು.

ಗುರುವಯ್ಯನ ನಗು ಸತ್ತಿತು. ಹಾರಿ ಮೆಷಿನ್ ನಿಲ್ಲಿಸಿದ. ರೈಟರನ ಮೇಜಿನ ಮೇಲೆ ಸಾಹುಕಾರರ ಬಂಗಲೆಯಿಂದ ಬಂದ ಸಿಹಿ ಕಾಫಿ ಇತ್ತು, ಕೇಳದೆ ತಂದುಕೊಟ್ಟ. ಕೃಷ್ಣಮ್ಮ ಗಂಡನ ತಲೆ ತೊಡೆಯ ಮೇಲಿಟ್ಟು, ಕಣ್ಣು ಬಿಟ್ಟಿದ್ದಾನೆಂದು ನೋಡಿ, ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆಗೆ ಅವನ ಮಾತು ತಿಳಿಯಾಯಿತು.

"ರಾಶಿ ಮುಗೀತಾ?" ಎಂದ.

ಕೃಷ್ಣಮ್ಮ ಅವನ ಕೈಗೆ ಕಟ್ಟಿದ್ದ ಸೆರಗನ್ನು ಇನ್ನಷ್ಟು ಬಿಗಿದಳು.

ಮೂರನೆಯ ದಿನ ರೈಟರ್ ಆಸ್ಪತ್ರೆಗೆ ಬಂದ. ಒಂದು ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ, ಇನ್ನೊಂದರಲ್ಲಿ ಕಾಗದ, ಶಾಯಿಯ ಡಬ್ಬಿ. ನೋಡಲು ಬಂದಿದ್ದ ಗುರುವಯ್ಯನೂ ತೋಟದವರು ಆಳುಗಳಿಗೆ ಕೊಟ್ಟ ಲೈನ್ ಮನೆಯ ನಾಲ್ಕು ಹೆಂಗಸರೂ ಮಂಚದ ಸುತ್ತ ನಿಂತಿದ್ದರು.

"ಸಾಹುಕಾರ್ರು ಕಳಿಸಿದಾರೆ," ಎಂದು ಬಾಟಲಿ ಇಟ್ಟು ಕಾಗದ ಬಿಚ್ಚಿದ. "ಕುಡಿದು ಕೆಲಸಕ್ಕೆ ಬಂದು ತಾನಾಗಿಯೇ ಬೆಲ್ಟಿಗೆ ಕೈ ಕೊಟ್ಟ ಅಂತ ಬರೆದಿದೆ. ತೋಟದ ಮೇಲೆ ಕೇಸಾಗಬಾರ್ದಲ್ಲ. ಅವನು ಒತ್ತೋ ಎಡಗೈ ಹೆಬ್ಬೆಟ್ಟು ಹೇಗೂ ಹೋಯ್ತು. ಹೆಂಡ್ತಿ ನೀನಿದೀಯಲ್ಲ, ನೀನೇ ಒತ್ತು."

"ನಾನೇ ಅವತ್ತು ಅವ್ನಿಗೆ ಕುಡಿದಿದೀಯಾ ಅಂದೆ," ಎಂದ ಗುರುವಯ್ಯ ತಲೆ ತಗ್ಗಿಸಿ. "ಸುಳ್ಳು ಅದು. ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನಿನ್ನ ಯಾರೂ ಕೇಳ್ಲಿಲ್ಲ. ಏ ಕೃಷ್ಣಮ್ಮ, ಲೈನ್ ಮನೆಯಲ್ಲಿ ಇರ್ಬೇಕೋ ಬೇಡ್ವೋ? ಒತ್ತು."

ಕೃಷ್ಣಮ್ಮ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದಳು.

"ದೇವ್ರ ಮುಂದೆ ಈ ಕಾಗದ ಓದಿದ್ರೆ ದೀಪಾನೂ ಉರಿಯೋಕೆ ಹೇಸ್ತದೆ, ರೈಟ್ರೇ. ಒತ್ತಲ್ಲ."